ಕೊಸರು

ರಿಪ್ಪನ್‌ಪೇಟೆ ಸಂತೆಗೆ ಹೋದದ್ದು
ಎರಡು ಸಾವಿರ ಮಿಡಿ ತರಲು.
ದುರ್ಗಿಗುಡಿಯ ನನ್ನ ಖಾನಾವಳಿಗೆ
ವರ್ಷವಿಡೀ ಬರಬೇಕು.
ಊಟಕ್ಕೆ ಎಪ್ಪತ್ತು. ಉಪ್ಪಿನಕಾಯಿ ಬಿಟ್ಟಿ.

ಮಿಡಿ ಕೊಳ್ಳುವ ವಿದ್ಯೆ ನನಗೆ ಗೊತ್ತು:
ತೊಟ್ಟು ಮುರಿ, ಸೊನೆ ಚಿಮ್ಮಲಿ,
ಮೂಗಿಗೆ ಹಿಡಿ. ಜೀರಿಗೆಯೋ, ಕರ್ಪೂರವೋ,
ಬರೀ ಹುಳಿಯೋ, ಅಲ್ಲೇ ಹೇಳುತ್ತದೆ.
ತೊಟ್ಟು ಕಳಚಿದ್ದು ಬೇಡ, ಜಾಡಿಯಲ್ಲಿ ಕೊಳೆಯುತ್ತದೆ.
ಸೊನೆ ತಾಗಿ ಸುಟ್ಟ ಬೆರಳಿನ ಕಪ್ಪು
ಯುಗಾದಿ ಕಳೆದರೂ ಹೋಗುವುದಿಲ್ಲ.
ಇಷ್ಟೆಲ್ಲ ಕೆದಕಿ ಕೇಳುವ ನಾನು
ಹದಿನಾರು ವರ್ಷ ಕೇಳದೇ ಉಳಿಸಿದ್ದು ಒಂದೇ:
ಮರದಿಂದ ಇಳಿಸಿದ್ದು ಹೇಗೆ?

ಹೋದ ವರ್ಷ ಚೀಲದ ತಳದಲ್ಲಿ
ಒಂದು ಕೊಂಬೆ ಸಿಕ್ಕಿತ್ತು, ಮೊಳದುದ್ದ,
ಓರೆಯಾಗಿ ಕತ್ತಿ ಬಿದ್ದ ಬಾಯಿ.
ಎಲೆ ಬಾಡಿತ್ತು, ಮಿಡಿ ಇನ್ನೂ ಹಸಿರು.
ಅನ್ನದ ಒಲೆಗೆ ತುರುಕಿದೆ.
ಚಟಪಟ ಉರಿಯಿತು, ಸೊನೆ ಮರವಲ್ಲವೇ,
ಎಸರು ಬೇಗ ಕುದಿಯಿತು.
ಅವತ್ತು ಬಡಿಸುವಾಗ ಯಾಕೋ ಲೆಕ್ಕ ತಪ್ಪಿ
ಒಬ್ಬರಿಗೆ ಎರಡು ಸಲ ಸಾರು ಹಾಕಿದೆ.

ಈ ಸಲ ಸಾಲಿನ ಮೊದಲಲ್ಲಿ ಗುಡ್ಡೆ ಹಾಕಿದವನು
ಗೊಂಚಲು ಗೊಂಚಲೇ ತಂದಿದ್ದ. ನೂರಕ್ಕೆ ನೂರೆಂಬತ್ತು.
ಕೊನೆಯಲ್ಲಿ, ಒಣಮೀನಿನವರ ಪಕ್ಕ,
ಕೆರಿಯಪ್ಪ ಅಂತೆ ಹೆಸರು,
ಗೋಣಿಯ ಮೇಲೆ ಬಿಡಿ ಬಿಡಿ ಮಿಡಿ, ತೊಟ್ಟಿನ ಸಮೇತ.
ನೂರಕ್ಕೆ ಮುನ್ನೂರು.
"ಯಾಕಪ್ಪ ಇಷ್ಟು?"
ಮೊದಲು ಅಂಗೈ ತೋರಿಸಿದ.
ಹಸ್ತರೇಖೆಗಳನ್ನು ಅಡ್ಡ ಹೊಡೆದ ಹಗ್ಗದ ಗೆರೆ.
"ಹಳ್ಳದ ಮೇಲೆ ವಾಲಿದ ಮರ ಅಕ್ಕ. ಸೊಂಟಕ್ಕೆ ಹಗ್ಗ ಕಟ್ಕಂಡು
ಕೊಕ್ಕೇಲಿ ಎಳ್ದು ಚೀಲಕ್ಕೆ ಹಾಕ್ಬೇಕು.
ಕಡಿದ್ರೆ ಅರ್ಧ ದಿನದ ಕೆಲ್ಸ, ಹೌದು.
ಬರೋ ವರ್ಷ ಯಾವ ಮರ ಹತ್ಲಿ?"

ನಿಂತಲ್ಲೇ ಗುಣಿಸಿದೆ.
ಎರಡು ಸಾವಿರಕ್ಕೆ ಎರಡು ಸಾವಿರದ ನಾನೂರು ಹೆಚ್ಚು.
ಎಲ್ಲೋ ಕೇಳಿದ ಮೊತ್ತ ಅನ್ನಿಸಿತು.
ಹೌದು. ಪಾತ್ರೆ ತೊಳೆಯುವ ಜುಲೇಖಾ
ದಸರೆಯಿಂದ ಕೇಳುತ್ತಿದ್ದಾಳೆ,
ತಿಂಗಳಿಗೆ ಇನ್ನೂರು ಜಾಸ್ತಿ ಮಾಡಿ ಅಂತ.
ವರ್ಷಕ್ಕೆ ಅಷ್ಟೇ ಆಗುತ್ತದೆ.
ಮುಂದಿನ ತಿಂಗಳು ನೋಡೋಣ ಅಂದಿದ್ದೆ,
ಐದು ಸಲ.

ಮರಕ್ಕೆ ಕೈ ಬಿಚ್ಚಿ
ಮನುಷ್ಯಳಿಗೆ ಮುಷ್ಟಿ ಬಿಗಿದರೆ
ಯಾವ ನ್ಯಾಯ ಅದು?
ಒಣಮೀನಿನ ವಾಸನೆಯಲ್ಲಿ ನಿಂತು
ಬೆವರಿದೆ, ಮೂರು ಸಲ ಕೂಡಿಸಿದೆ, ಕಳೆದೆ.
"ಅಕ್ಕ, ಬಿಸ್ಲು. ತಗಳದಾದ್ರೆ ತಗಳಿ."

ಸಾವಿರವೇ ಸಾಕು ಅಂದೆ.
ತಟ್ಟೆಗೆ ಒಂದೇ ಮಿಡಿ, ಎರಡನೆಯದಕ್ಕೆ ಎರಡು ರೂಪಾಯಿ,
ಬೋರ್ಡು ಬರೆಸಿದರಾಯಿತು.
ಬಯ್ಯುವವರು ಬಯ್ಯಲಿ.
ಮೂರು ಸಾವಿರ ಎಣಿಸಿ ಕೊಟ್ಟೆ.
ಹಳೆಯ ದರದ ಲೆಕ್ಕಕ್ಕೆ ಹಿಡಿದರೆ ಉಳಿದದ್ದು ಆರುನೂರು.
ಜುಲೇಖಾಳ ಮೂರು ತಿಂಗಳು.
ನಾಲ್ಕನೆಯ ತಿಂಗಳು ಏನು ಮಾಡುತ್ತೇನೋ,
ನನಗೇ ಗೊತ್ತಿಲ್ಲ.

ಅವನು ಎಣಿಸಿದ, ಐದೈದರಂತೆ,
ತುಟಿ ಅಲ್ಲಾಡಿಸುತ್ತ. ನೂರಾದ ಕೂಡಲೇ
ಅಭ್ಯಾಸದ ಕೈ ಕೊಸರಿಗೆ ಹೋಯಿತು.
"ಕೊಸರು ಬೇಡ" ಅಂದೆ.
ಹುಟ್ಟಿದಾಗಿನಿಂದ ಯಾವ ಸಂತೆಯಲ್ಲೂ
ನನ್ನ ಬಾಯಿಂದ ಬಾರದ ಮಾತು.
ಕೆರಿಯಪ್ಪ ಎಣಿಕೆ ನಿಲ್ಲಿಸಿದ.
ಒಂದು ಮಿಡಿ ಎತ್ತಿ ಮೂಸಿದ, ತಿರುಗಿಸಿ ನೋಡಿದ,
"ಯಾಕಕ್ಕ, ಮಾಲಲ್ಲಿ ಏನಾರ ದೋಷ ಕಂಡ್ತಾ?"

ಏನಂತ ಹೇಳಲಿ. ಬಸ್ಸು ಬಂತು.

ರಾತ್ರಿ ಕಲ್ಲುಪ್ಪು ಹಾಸುವ ಮೊದಲು
ಜುಲೇಖಾ ಕೂತು ಎಣಿಸಿದಳು:
ಸಾವಿರದ ಐವತ್ತೊಂದು.
ನೂರಕ್ಕೆ ಐದರ ಹಾಗೆ ಕೊಸರು ಹಾಕಿಯೇ ಇದ್ದ,
ಮೇಲೊಂದು ಯಾವ ಲೆಕ್ಕಕ್ಕೋ.
ಆ ಒಂದಕ್ಕೆ ಉಪ್ಪು ಸವರಿ ಕಚ್ಚಿದಳು,
ಹುಳಿಗೆ ಒಂದು ಕಣ್ಣು ಮುಚ್ಚಿದಳು,
ಇನ್ನೊಂದರಲ್ಲಿ ನನ್ನನ್ನೇ ನೋಡುತ್ತಿದ್ದಳು.
ನಾಲ್ಕನೆಯ ತಿಂಗಳ ಮಾತು
ಅವಳೂ ಎತ್ತಲಿಲ್ಲ, ನಾನೂ.